ಹ್ಯಾಮಂಡ್ಸ್‌ಪೋರ್ಟ್: ಕ್ಯೂಕಾ ದಂಡೆಯ ಪುಟ್ಟ ಊರು, ವಿಮಾನ ಮತ್ತು ದ್ರಾಕ್ಷಿ

ಕ್ಯೂಕಾ ದಂಡೆ

ಹ್ಯಾಮಂಡ್ಸ್‌ಪೋರ್ಟ್ ಬಗ್ಗೆ ಕನ್ನಡದಲ್ಲಿ ಒಂದು ಕಡೆ ಸರಿಯಾಗಿ ಬರೆದಿಡಬೇಕು ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ. ನ್ಯೂಯಾರ್ಕ್ ರಾಜ್ಯದ ಸ್ಟೂಬೆನ್ ಕೌಂಟಿಯಲ್ಲಿ, ಕ್ಯೂಕಾ ಎಂಬ ಸರೋವರದ ದಂಡೆಯ ಊರು ಇದು. ನ್ಯೂಯಾರ್ಕ್ ನಗರದಿಂದ ಕಾರಿನಲ್ಲಿ ಸುಮಾರು ಐದು ಗಂಟೆ ದಾರಿ. 2020ರ ಜನಗಣತಿಯಲ್ಲಿ ಇಲ್ಲಿ ಇದ್ದವರು 583 ಜನ. ನಮ್ಮ ಕಡೆ ಒಂದು ಮದುವೆಗೆ ಇದಕ್ಕಿಂತ ಜಾಸ್ತಿ ಜನ ಸೇರುತ್ತಾರೆ.

ವಿಮಾನದ ಚರಿತ್ರೆ ಅಂದರೆ ನಾವು ರೈಟ್ ಸೋದರರ ಹೆಸರು ಹೇಳಿ ಅಲ್ಲಿಗೇ ನಿಲ್ಲಿಸುತ್ತೇವೆ. 1903ರ ನಂತರದ ಹತ್ತು ವರ್ಷಗಳ ಕಥೆಯಲ್ಲಿ ದೊಡ್ಡ ಪಾಲು ಈ ಊರಿನದು. ಎಂಜಿನ್, ವಿಮಾನ ಕಟ್ಟಿ ಹಾರಿಸಿದ ಗ್ಲೆನ್ ಕರ್ಟಿಸ್ ಹುಟ್ಟಿದ್ದು ಇಲ್ಲೇ, 1878ರಲ್ಲಿ. ಆದರೆ ಇದನ್ನು ಒಬ್ಬ ಜಾಣನ ಕಥೆ ಅಂತ ಹೇಳಿ ಮುಗಿಸುವುದು ನನಗೆ ಒಪ್ಪಿಗೆ ಇಲ್ಲ. ಕೆರೆ ಇಲ್ಲದಿದ್ದರೆ, ದ್ರಾಕ್ಷಿಯ ದುಡ್ಡು ಇಲ್ಲದಿದ್ದರೆ, ಕೈಕೆಲಸ ಗೊತ್ತಿದ್ದ ಅಕ್ಕಪಕ್ಕದವರು ಇಲ್ಲದಿದ್ದರೆ ಅವನು ಸೈಕಲ್ ಅಂಗಡಿಯವನಾಗಿಯೇ ಉಳಿಯುತ್ತಿದ್ದ.

ಮೊದಲು ನೆಲ. ಈ ಭಾಗದಲ್ಲಿ ಉತ್ತರ ದಕ್ಷಿಣವಾಗಿ ಚಾಚಿದ ಹನ್ನೊಂದು ಉದ್ದನೆಯ ಸರೋವರಗಳಿವೆ. ಫಿಂಗರ್ ಲೇಕ್ಸ್ ಅಂತ ಕರೆಯುತ್ತಾರೆ. ಹಿಮಯುಗದಲ್ಲಿ ಮಂಜಿನ ರಾಶಿ ಹಳೆಯ ನದಿ ಕಣಿವೆಗಳನ್ನು ಕೊರೆದು ಆಳ ಮಾಡಿತು. ಹಿಂದೆ ಸರಿಯುವಾಗ ಕಲ್ಲುಮಣ್ಣಿನ ದಿಬ್ಬ ಬಿಟ್ಟುಹೋಯಿತು. ಕ್ಯೂಕಾ ಮಾತ್ರ ಕವಲೊಡೆದಿದೆ, ವೈ ಅಕ್ಷರದ ಆಕಾರ. ಸುಮಾರು 31 ಕಿ.ಮೀ. ಉದ್ದ, ಆಳ ಹೆಚ್ಚೆಂದರೆ 57 ಮೀಟರ್. ದಕ್ಷಿಣದ ತುದಿಯಲ್ಲಿ ಹ್ಯಾಮಂಡ್ಸ್‌ಪೋರ್ಟ್, ಉತ್ತರದ ಒಂದು ಕವಲಿನ ತುದಿಯಲ್ಲಿ ಪೆನ್ ಯಾನ್. ಎರಡೂ ಕಡೆ ಕಡಿದಾದ ಇಳಿಜಾರು. ಊರಿನ ದಕ್ಷಿಣಕ್ಕೆ ಪ್ಲೆಸೆಂಟ್ ವ್ಯಾಲಿ ಅನ್ನುವ ಸಮತಟ್ಟು ಕಣಿವೆ. ಈ ಮೂರನ್ನೂ ನೆನಪಿಡಿ: ನೀರು, ಇಳಿಜಾರು, ಸಮತಟ್ಟು.

1820ರ ದಶಕದಲ್ಲಿ ಲಜಾರಸ್ ಹ್ಯಾಮಂಡ್ ಅನ್ನುವವರು ಊರಿನ ನಕ್ಷೆ ಹಾಕಿಸಿದರು. ನಡುವೆ ಪುಲ್ಟನಿ ಚೌಕ. ಅದು ಇವತ್ತಿಗೂ ಹಾಗೇ ಇದೆ, ಸುತ್ತ ಇಟ್ಟಿಗೆ ಅಂಗಡಿಗಳು. 1833ರಲ್ಲಿ ಪೆನ್ ಯಾನ್‌ನಿಂದ ಸೆನೆಕಾ ಸರೋವರಕ್ಕೆ ಕಾಲುವೆ ತೆಗೆದರು. ಅಲ್ಲಿಂದ ಈರಿ ಕಾಲುವೆ ಸೇರಿದರೆ ನ್ಯೂಯಾರ್ಕ್ ತನಕ ನೀರಿನ ದಾರಿ. ಹಾಗಾಗಿ ಸಮುದ್ರದಿಂದ ಎಷ್ಟೋ ದೂರದ ಈ ಊರು ನಿಜಕ್ಕೂ ಬಂದರೇ ಆಗಿತ್ತು. ಕಾಲುವೆ 1877ರಲ್ಲಿ ಮುಚ್ಚಿತು. ಅಷ್ಟರಲ್ಲಿ ಬಾತ್ ಪಟ್ಟಣಕ್ಕೆ ಪುಟ್ಟ ರೈಲು ಬಂದಿತ್ತು. ಆ ರೈಲಿನವರ ಘೋಷಣೆ ನನಗೆ ತುಂಬಾ ಇಷ್ಟ: "ಉಳಿದವಷ್ಟು ಉದ್ದ ಇಲ್ಲ, ಆದರೆ ಅಷ್ಟೇ ಅಗಲ."

ಗೊತ್ತಿದ್ದವರು ಸೇರಿಸಿ, ಕೇಳುವವರು ಕೇಳಿ.

ಸಮಾಜ ಪಾಠದ ಟೀಚರ್

ಚೆನ್ನಾಗಿದೆ ಸರ್. ಆದರೆ ಹ್ಯಾಮಂಡ್ ನಕ್ಷೆ ಹಾಕಿಸುವ ಮೊದಲು ಅಲ್ಲಿ ಯಾರೂ ಇರಲಿಲ್ಲವೇ? ಅಮೆರಿಕದ ಊರುಗಳ ಇತಿಹಾಸ ಯಾವಾಗಲೂ ಮೊದಲ ಬಿಳಿಯನಿಂದ ಶುರುವಾಗುತ್ತದೆ. ಮಕ್ಕಳಿಗೆ ಪಾಠ ಮಾಡುವಾಗ ನನಗೆ ಇದು ಚುಚ್ಚುತ್ತದೆ.

ಕ್ಯೂಕಾ ದಂಡೆ

ಮೇಡಂ, ಇದ್ದರು. ಇದು ಸೆನೆಕಾ ಜನರ ನೆಲ. ಹೊಡಿನೊಶೋನಿ ಒಕ್ಕೂಟದ ಆರು ಜನಾಂಗಗಳಲ್ಲಿ ಪಶ್ಚಿಮದ ತುದಿಯವರು ಅವರು. ಜೋಳ, ಹುರುಳಿಕಾಯಿ, ಕುಂಬಳ ಬೆಳೆಯುತ್ತಿದ್ದರು, ಹಣ್ಣಿನ ತೋಟಗಳಿದ್ದವು. ಸ್ವಾತಂತ್ರ್ಯ ಯುದ್ಧದಲ್ಲಿ ಅವರಲ್ಲಿ ಹೆಚ್ಚಿನವರು ಬ್ರಿಟಿಷರ ಜೊತೆ ನಿಂತರು. 1779ರಲ್ಲಿ ಜಾರ್ಜ್ ವಾಷಿಂಗ್ಟನ್ ಆಜ್ಞೆಯಂತೆ ಜನರಲ್ ಸಲಿವನ್ ಸೈನ್ಯ ತಂದು ಫಿಂಗರ್ ಲೇಕ್ಸ್ ಸುತ್ತಲಿನ ಹಳ್ಳಿಗಳನ್ನು ಸುಟ್ಟರು. ಬೆಳೆದು ನಿಂತ ಜೋಳ ಸುಟ್ಟರು, ಹಣ್ಣಿನ ಮರ ಕಡಿದರು. ಚಳಿಗಾಲಕ್ಕೆ ಊಟವಿಲ್ಲದೆ ಜನ ನಯಾಗರಾ ಕೋಟೆಯ ಕಡೆ ಓಡಿದರು. 1788ರಲ್ಲಿ ಫೆಲ್ಪ್ಸ್ ಮತ್ತು ಗೋರಮ್ ಅನ್ನುವ ಇಬ್ಬರು ವ್ಯಾಪಾರಿಗಳು ಈ ನೆಲವನ್ನು ದೊಡ್ಡದಾಗಿ ಕೊಂಡರು. ಆಮೇಲೆ ಅದು ಇಂಗ್ಲೆಂಡಿನ ಪುಲ್ಟನಿ ಬಂಡವಾಳಗಾರರ ಕೈ ಸೇರಿತು. ಊರ ನಡುವಿನ ಚೌಕದ ಹೆಸರು ಅದೇ.

ದ್ರಾಕ್ಷಿ ತೋಟದ ಇಳಿಜಾರನ್ನು ಹೊಗಳುವಾಗ ಅಲ್ಲಿ ಮೊದಲು ಕಡಿದುರುಳಿಸಿದ ತೋಟಗಳನ್ನೂ ಹೇಳಲೇಬೇಕು. ನೀವು ಕೇಳಿದ್ದು ಒಳ್ಳೆಯದಾಯಿತು.

ದ್ರಾಕ್ಷಿ ಚಪ್ಪರ

ಚಿಕ್ಕಬಳ್ಳಾಪುರ ಕಡೆಯವನು ನಾನು. ಅಣ್ಣ, ದ್ರಾಕ್ಷಿ ವಿಷಯ ಬಿಡಿಸಿ ಹೇಳಿ. ಹಿಮ ಬೀಳುವ ಕಡೆ ದ್ರಾಕ್ಷಿ ಹೇಗೆ ನಿಲ್ಲುತ್ತದೆ? ನಮಗೆ ಒಂದು ಆಲಿಕಲ್ಲು ಮಳೆ ಬಿದ್ದರೆ ವರ್ಷದ ಕಥೆ ಮುಗೀತು.

ಕ್ಯೂಕಾ ದಂಡೆ

ಕೆರೆಯೇ ನಿಲ್ಲಿಸುವುದು. ಅಷ್ಟು ಆಳದ ನೀರು ಬೇಗ ತಣ್ಣಗಾಗುವುದಿಲ್ಲ, ಬೇಗ ಬಿಸಿಯೂ ಆಗುವುದಿಲ್ಲ. ವಸಂತದಲ್ಲಿ ತಣ್ಣನೆಯ ನೀರು ದಂಡೆಯ ಗಾಳಿಯನ್ನು ತಂಪಾಗಿಡುತ್ತದೆ, ಬಳ್ಳಿ ಅವಸರಕ್ಕೆ ಚಿಗುರುವುದಿಲ್ಲ. ಚಿಗುರುವಷ್ಟರಲ್ಲಿ ಕೊನೆಯ ಹಿಮ ಕಳೆದಿರುತ್ತದೆ. ಅಕ್ಟೋಬರ್‌ನಲ್ಲಿ ತಿರುಗುಮುರುಗು. ನೀರಿನ ಬಿಸಿ ಉಳಿದು ಹಣ್ಣು ಮಾಗಲು ಇನ್ನಷ್ಟು ದಿನ ಸಿಗುತ್ತದೆ. ರಾತ್ರಿಯ ತಣ್ಣನೆಯ ಗಾಳಿ ಭಾರ, ಅದು ಇಳಿಜಾರಿನಲ್ಲಿ ಕೆಳಗೆ ಜಾರಿಹೋಗುತ್ತದೆ. ಮಣ್ಣು ಶೇಲ್ ಕಲ್ಲಿನ ಚೂರುಗಳದ್ದು, ನೀರು ನಿಲ್ಲುವುದೇ ಇಲ್ಲ.

ಈಗ ನಿಮಗೆ ಬೇಕಾದ ಮಾತು. 1829ರಲ್ಲಿ ವಿಲಿಯಂ ಬೋಸ್ಟ್‌ವಿಕ್ ಅನ್ನುವ ಪಾದ್ರಿ ಇಲ್ಲಿನ ಸೇಂಟ್ ಜೇಮ್ಸ್ ಚರ್ಚ್ ಮನೆಯ ಹಿತ್ತಲಲ್ಲಿ ಬಳ್ಳಿ ನೆಟ್ಟರು. ಅದರಿಂದ ಈ ಸೀಮೆಯ ದ್ರಾಕ್ಷಿ ಬೇಸಾಯ ಶುರು. ಅವರು ನೆಟ್ಟ ತಳಿಗಳು ಕಟಾಬಾ ಮತ್ತು ಇಸಬೆಲ್ಲಾ. ನಿಮ್ಮ ಚಪ್ಪರದಲ್ಲಿ ಇರುವ ಬೆಂಗಳೂರು ಬ್ಲೂ ಇದೆಯಲ್ಲ, ಅದರ ಮೂಲ ಇದೇ ಇಸಬೆಲ್ಲಾ.

ದ್ರಾಕ್ಷಿ ಚಪ್ಪರ

ಏನಣ್ಣಾ ಇದು! ನಮ್ಮ ತಾತನ ಕಾಲದಿಂದ ಬೆಳೆಯುತ್ತಿದ್ದೇವೆ. ಅಮೆರಿಕದ ಜಾತಿ ಅಂತ ತೋಟಗಾರಿಕೆ ಇಲಾಖೆಯವರು ಹೇಳಿದ್ದು ಕೇಳಿದ್ದೆ, ಯಾವ ಊರಿನಲ್ಲಿ ಅದನ್ನು ಬೆಳೆದರು ಅಂತ ಗೊತ್ತಿರಲಿಲ್ಲ. ದಪ್ಪ ಸಿಪ್ಪೆ, ಒಳಗೆ ಜಾರುವ ತಿರುಳು, ಬೀಜ, ಮೂಗಿಗೆ ಹೊಡೆಯುವ ಆ ಘಮ. ಒಂದು ಗೊಂಚಲು ಕೋಣೆಯಲ್ಲಿ ಇಟ್ಟರೆ ಮನೆಯೆಲ್ಲ ಗೊತ್ತಾಗುತ್ತದೆ. ನಮ್ಮಲ್ಲಿ ವರ್ಷಕ್ಕೆ ಎರಡು ಬೆಳೆ. ಅಲ್ಲಿ?

ಕ್ಯೂಕಾ ದಂಡೆ

ಒಂದೇ. ಚಳಿಗಾಲದಲ್ಲಿ ಬಳ್ಳಿ ಪೂರ್ತಿ ಮಲಗುತ್ತದೆ, ಆಗಲೇ ಹಿಮದ ನಡುವೆ ನಿಂತು ಸವರುತ್ತಾರೆ. ಆ ಘಮ ಲಬ್ರುಸ್ಕಾ ಜಾತಿಯದು, ಈ ಖಂಡದ ಕಾಡು ಬಳ್ಳಿಯಿಂದ ಬಂದದ್ದು. ಸೆಪ್ಟೆಂಬರ್ ಕೊನೆಗೆ ಇಲ್ಲಿನ ರಸ್ತೆಗಳಲ್ಲೂ ಅದೇ ವಾಸನೆ.

1860ರಲ್ಲಿ ಪ್ಲೆಸೆಂಟ್ ವ್ಯಾಲಿ ವೈನ್ ಕಂಪನಿ ಶುರುವಾಯಿತು. ಅವರ ಗ್ರೇಟ್ ವೆಸ್ಟರ್ನ್ ಶಾಂಪೇನ್ 1873ರಲ್ಲಿ ವಿಯೆನ್ನಾದಲ್ಲಿ ಪದಕ ಗೆದ್ದಿತು. ಬೆಟ್ಟದ ಪಕ್ಕೆ ಕೊರೆದು ಕಟ್ಟಿದ ಅವರ ಕಲ್ಲಿನ ನೆಲಮಾಳಿಗೆಗಳು ಈಗಲೂ ಇವೆ. ಊರಿನಲ್ಲಿ ಪೀಪಾಯಿ ಮಾಡುವವರು, ಬಡಗಿಗಳು, ಯಂತ್ರ ರಿಪೇರಿಯವರು ಎಲ್ಲ ಇದ್ದದ್ದು ಈ ವೈನ್ ಮತ್ತು ಕೆರೆಯಲ್ಲಿ ಓಡುತ್ತಿದ್ದ ಸ್ಟೀಮರ್ ದೋಣಿಗಳ ದೆಸೆಯಿಂದ. ಮುಂದೆ ವಿಮಾನಕ್ಕೆ ಬೇಕಾದದ್ದೂ ಇಂಥವರೇ.

ಹಳೇ ಫಿಟ್ಟರ್

ನಾನು ಬೆಂಗಳೂರು ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತನಾದವನು. ಕರ್ಟಿಸ್ ಅಂದ ತಕ್ಷಣ ಓದಲು ಕೂತೆ. ವಿಮಾನದ ಭಾಗ ಇನ್ನೂ ಬರಲಿಲ್ಲ, ಬೇಗ ಬರೆಯಪ್ಪ. ಎಂಜಿನ್‌ನಿಂದ ಶುರು ಮಾಡು.

ಕ್ಯೂಕಾ ದಂಡೆ

ಆಗಲಿ ಸರ್, ಎಂಜಿನ್‌ನಿಂದಲೇ.

ಕರ್ಟಿಸ್‌ಗೆ ಚಿಕ್ಕ ವಯಸ್ಸಿನಲ್ಲೇ ತಂದೆ ಹೋದರು. ತಂಗಿಗೆ ಕಾಯಿಲೆ ಬಂದು ಕಿವಿ ಕೇಳದಾಯಿತು. ಅವಳನ್ನು ಕಿವುಡರ ಶಾಲೆಗೆ ಸೇರಿಸಲು ಮನೆಯವರು ರಾಚೆಸ್ಟರ್‌ಗೆ ಹೋದರು. ಅಲ್ಲಿ ಅವನು ಈಸ್ಟ್‌ಮನ್ ಕಾರ್ಖಾನೆಯಲ್ಲಿ ದುಡಿದ, ಸೈಕಲ್ ಮೇಲೆ ತಂತಿ ಸುದ್ದಿ ಹಂಚಿದ. ಊರಿಗೆ ಮರಳಿ ಸೈಕಲ್ ರೇಸ್, ಸೈಕಲ್ ಅಂಗಡಿ. ಆಮೇಲೆ ಸೈಕಲ್‌ಗೆ ಎಂಜಿನ್ ಕೂರಿಸುವ ಹುಚ್ಚು. ಮೊದಲ ಕಾರ್ಬುರೇಟರ್ ಮಾಡಿದ್ದು ಖಾಲಿ ಟೊಮೆಟೊ ಡಬ್ಬಿಯಿಂದ ಅಂತ ಊರಿನವರು ಹೇಳುತ್ತಾರೆ. 1907ರ ಜನವರಿಯಲ್ಲಿ ಫ್ಲಾರಿಡಾದ ಆರ್ಮಂಡ್ ಬೀಚಿನ ಮರಳಿನ ಮೇಲೆ ಎಂಟು ಸಿಲಿಂಡರ್ ಎಂಜಿನ್ ಇದ್ದ ಮೋಟಾರ್‌ಸೈಕಲ್ ಓಡಿಸಿದ. ಗಂಟೆಗೆ 136 ಮೈಲಿ, ಅಂದರೆ 219 ಕಿ.ಮೀ. ಒಂದು ಹಳ್ಳಿಯ ವರ್ಕ್‌ಶಾಪಿನಲ್ಲಿ ಮಾಡಿದ ಎಂಜಿನ್ ಅದು!

ಹಗುರವಾಗಿ ಜಾಸ್ತಿ ಶಕ್ತಿ ಕೊಡುವ ಎಂಜಿನ್ ಬೇಕಾಗಿದ್ದದ್ದು ಹಾರುವವರಿಗೆ. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಹುಡುಕಿಕೊಂಡು ಬಂದರು. 1907ರಲ್ಲಿ ಐದು ಜನರ ಒಂದು ಸಂಘ ಕಟ್ಟಿದರು: ಬೆಲ್, ಕರ್ಟಿಸ್, ಕೆನಡಾದ ಎಂಜಿನಿಯರ್‌ಗಳಾದ ಕೇಸಿ ಬಾಲ್ಡ್ವಿನ್ ಮತ್ತು ಮೆಕ್‌ಕರ್ಡಿ, ಸೈನ್ಯದ ಲೆಫ್ಟಿನೆಂಟ್ ಥಾಮಸ್ ಸೆಲ್ಫ್ರಿಜ್. ದುಡ್ಡು ಕೊಟ್ಟದ್ದು ಬೆಲ್ ಅವರ ಹೆಂಡತಿ ಮೇಬಲ್, ಮೊದಲಿಗೆ 20,000 ಡಾಲರ್. ಅವರಿಗೂ ಕಿವಿ ಕೇಳುತ್ತಿರಲಿಲ್ಲ. ವಿಮಾನದ ಚರಿತ್ರೆಯಲ್ಲಿ ಈ ಹೆಂಗಸಿನ ಹೆಸರು ಸಣ್ಣ ಅಕ್ಷರದಲ್ಲೂ ಬರುವುದಿಲ್ಲ, ಅದು ಅನ್ಯಾಯ.

1908ರ ಮಾರ್ಚ್ 12. ಕ್ಯೂಕಾ ಹೆಪ್ಪುಗಟ್ಟಿತ್ತು. ಕೆಂಪು ರೇಷ್ಮೆ ರೆಕ್ಕೆಯ 'ರೆಡ್ ವಿಂಗ್' ಚಕ್ರದ ಬದಲು ಜಾರುಪಟ್ಟಿ ಕಟ್ಟಿಕೊಂಡು ಮಂಜುಗಡ್ಡೆ ಮೇಲಿಂದ ಎದ್ದಿತು. ಓಡಿಸಿದವರು ಬಾಲ್ಡ್ವಿನ್. 97 ಮೀಟರ್ ಹಾರಿತು. ಅಷ್ಟು ದೊಡ್ಡ ಸಮತಟ್ಟು ಬಯಲು ಪುಕ್ಕಟೆ ಕೊಟ್ಟದ್ದು ಕೆರೆ.

ಮುಂದಿನ 'ವೈಟ್ ವಿಂಗ್'ಗೆ ರೆಕ್ಕೆ ತುದಿಯಲ್ಲಿ ಮಡಚುವ ತುಂಡುಗಳನ್ನು ಇಟ್ಟರು, ಏಲಿರಾನ್. ಅದನ್ನು ಆಡಿಸುವ ತಂತಿ ಪೈಲಟ್‌ನ ಭುಜಕ್ಕೆ ಕಟ್ಟಿದ ಚೌಕಟ್ಟಿಗೆ ಬರುತ್ತಿತ್ತು. ವಿಮಾನ ಎಡಕ್ಕೆ ವಾಲಿದರೆ ಪೈಲಟ್ ತಾನಾಗಿಯೇ ಬಲಕ್ಕೆ ಬಾಗುತ್ತಾನೆ, ಭುಜ ತಂತಿ ಎಳೆಯುತ್ತದೆ, ರೆಕ್ಕೆ ಸಮ ಆಗುತ್ತದೆ. ಸೈಕಲ್ ರೇಸಿನವನ ಮೈಗೆ ಇದನ್ನು ಕಲಿಸಬೇಕಾಗಿಯೇ ಇರಲಿಲ್ಲ.

ಜುಲೈ 4ಕ್ಕೆ 'ಜೂನ್ ಬಗ್'. ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಪಾರಿತೋಷಕಕ್ಕೆ ಒಂದು ಕಿ.ಮೀ. ನೇರ ಹಾರಬೇಕಿತ್ತು. ಜನ ಮೊದಲೇ ದಿನ ಗೊತ್ತುಮಾಡಿಕೊಂಡು ಬಂದು ಪ್ಲೆಸೆಂಟ್ ವ್ಯಾಲಿಯ ಹೊಲದಲ್ಲಿ ಕಾದರು. ಮಳೆ. ಸಂಜೆ ಬಿಡುವು ಕೊಟ್ಟಿತು. ಮೊದಲ ಸಲ ಬಾಲದ ಕೋನ ಸರಿ ಇರಲಿಲ್ಲ, ಕರ್ಟಿಸ್ ಬೇಗ ಇಳಿಸಿದ. ಸರಿಮಾಡಿ ಮತ್ತೆ ಹೊರಟ. 1 ನಿಮಿಷ 42.5 ಸೆಕೆಂಡ್, 5,090 ಅಡಿ, ಅಂದರೆ ಒಂದೂವರೆ ಕಿ.ಮೀ.ಗೂ ಜಾಸ್ತಿ. ರೈಟ್ ಸೋದರರು ಅಷ್ಟರಲ್ಲಿ ಇದಕ್ಕಿಂತ ಎಷ್ಟೋ ದೂರ ಹಾರಿದ್ದರು ನಿಜ. ಆದರೆ ಅಮೆರಿಕದಲ್ಲಿ ಮುಂಚೆಯೇ ದಿನ ಘೋಷಿಸಿ, ಎಲ್ಲರೆದುರು ಹಾರಿ ತೋರಿಸಿದ್ದು ಇದೇ ಮೊದಲು.

ಹಳೇ ಫಿಟ್ಟರ್

ಸೆಲ್ಫ್ರಿಜ್ ಅಂದೆಯಲ್ಲ, ಅದೇ ವರ್ಷ ಸೆಪ್ಟೆಂಬರ್ 17ಕ್ಕೆ ಆರ್ವಿಲ್ ರೈಟ್ ಜೊತೆ ಕೂತು ಹಾರುವಾಗ ಫೋರ್ಟ್ ಮೈಯರ್‌ನಲ್ಲಿ ಬಿದ್ದು ತೀರಿಕೊಂಡ. ಎಂಜಿನ್ ವಿಮಾನ ಬಿದ್ದು ಸತ್ತ ಮೊದಲ ಮನುಷ್ಯ. ಆಗ ಇಪ್ಪತ್ತಾರು ವಯಸ್ಸು. ಸುರಕ್ಷತೆ ತರಬೇತಿಯಲ್ಲಿ ನಾನು ಹುಡುಗರಿಗೆ ಈ ಹೆಸರು ಹೇಳುತ್ತಿದ್ದೆ.

ನೀರಿನ ಲೆಕ್ಕ

ಹಾರುವ ದೋಣಿ ಬಗ್ಗೆ ಬರೆಯಿರಿ. ನೀರಿನಿಂದ ಮೇಲೆದ್ದು ಬರುವುದು ಅಷ್ಟು ಸುಲಭದ ಕೆಲಸ ಅಲ್ಲ. ಅದನ್ನು ಹೇಗೆ ಬಗೆಹರಿಸಿದರು?

ಕ್ಯೂಕಾ ದಂಡೆ

ನನ್ನ ಮಟ್ಟಿಗೆ ಕ್ಯೂಕಾ ಕೊಟ್ಟ ದೊಡ್ಡ ಕೊಡುಗೆ ಇದೇ. ನೀರಿನ ಮೇಲಿಂದ ಮೊದಲು ಹಾರಿದ್ದು ಫ್ರಾನ್ಸಿನ ಹೆನ್ರಿ ಫಾಬ್ರ್, 1910ರಲ್ಲಿ. ಕರ್ಟಿಸ್ 1911ರ ಜನವರಿಯಲ್ಲಿ ಸ್ಯಾನ್ ಡಿಯೇಗೋದಲ್ಲಿ ತೇಲುಗಾಲು ಕಟ್ಟಿ ಹಾರಿದ. ಅದೇ ಜುಲೈನಲ್ಲಿ ಅಮೆರಿಕದ ನೌಕಾಪಡೆಯ ಮೊದಲ ವಿಮಾನ ಕ್ಯೂಕಾ ಮೇಲೆ ಹಾರಿತು. ಪಡೆಯ ಮೊದಲ ಪೈಲಟ್ ಎಲಿಸನ್ ಅದೇ ದಂಡೆಯಲ್ಲಿ ಅಭ್ಯಾಸ ಮಾಡುತ್ತಿದ್ದರು.

ಮುಂದಿನ ಹೆಜ್ಜೆ, ವಿಮಾನದ ಒಡಲನ್ನೇ ದೋಣಿ ಮಾಡುವುದು. ತೊಂದರೆ ಏನೆಂದರೆ, ವೇಗ ಹೆಚ್ಚಿದಷ್ಟೂ ನೀರು ದೋಣಿಯ ತಳವನ್ನು ಹಿಡಿದುಕೊಳ್ಳುತ್ತದೆ. ಒದ್ದೆ ಗಾಜಿನ ಮೇಲಿಟ್ಟ ತಟ್ಟೆ ಅಂಟಿಕೊಳ್ಳುವ ಹಾಗೆ. ಎಂಜಿನ್ ಎಷ್ಟು ಕೂಗಿದರೂ ಮೇಲೇಳುವುದಿಲ್ಲ. ಪರಿಹಾರ ನೋಡಿ: ತಳದ ನಡುವೆ ಅಡ್ಡವಾಗಿ ಒಂದು ಸಣ್ಣ ಮೆಟ್ಟಿಲು ಬಿಟ್ಟರು. ಮುಂದಿನ ಭಾಗ ಸ್ವಲ್ಪ ಕೆಳಗೆ, ಹಿಂದಿನದು ಸ್ವಲ್ಪ ಮೇಲೆ. ವೇಗ ಬಂದಾಗ ಮೆಟ್ಟಿಲ ಹಿಂದೆ ಗಾಳಿ ನುಗ್ಗಿ ನೀರಿನ ಹಿಡಿತ ಬಿಡುತ್ತದೆ. 1912ರ ಬೇಸಿಗೆಯಲ್ಲಿ ಅದು ಕ್ಯೂಕಾ ಬಿಟ್ಟು ಮೇಲೆದ್ದಿತು. ಇಂದಿಗೂ ಹಾರುವ ದೋಣಿಯ ತಳದಲ್ಲಿ ಆ ಮೆಟ್ಟಿಲು ಕಾಣುತ್ತದೆ.

1914ರ ಜೂನ್ 22ಕ್ಕೆ ಅಟ್ಲಾಂಟಿಕ್ ದಾಟಲೆಂದು ಕಟ್ಟಿದ 'ಅಮೆರಿಕಾ' ಎಂಬ ದೊಡ್ಡ ಹಾರುವ ದೋಣಿಗೆ ಇಲ್ಲಿ ನಾಮಕರಣ. ಒಡೆದದ್ದು ಊರಿನದೇ ಗ್ರೇಟ್ ವೆಸ್ಟರ್ನ್ ಬಾಟಲಿ. ಅದು ಒಡೆಯಲೊಲ್ಲದೆ ಕೊನೆಗೆ ಸುತ್ತಿಗೆ ತರಬೇಕಾಯಿತು. ಕೆಲವೇ ವಾರದಲ್ಲಿ ಯುದ್ಧ ಬಂತು. ಅಟ್ಲಾಂಟಿಕ್ ಯೋಜನೆ ಬಿಟ್ಟುಹೋಗಿ ವಿಮಾನವನ್ನು ಬ್ರಿಟಿಷ್ ನೌಕಾಪಡೆ ಕೊಂಡಿತು.

ಸಮಾಜ ಪಾಠದ ಟೀಚರ್

ರೈಟ್ ಸೋದರರ ಜೊತೆಗಿನ ಪೇಟೆಂಟ್ ಜಗಳ ಬಿಟ್ಟುಬಿಟ್ಟಿರಲ್ಲ? ಕರ್ಟಿಸ್ ಕದ್ದ ಅಂತ ಓದಿದ್ದೇನೆ.

ಕ್ಯೂಕಾ ದಂಡೆ

ಬಿಡುವುದಿಲ್ಲ ಮೇಡಂ. ರೈಟ್ ಪೇಟೆಂಟ್ ರೆಕ್ಕೆ ತಿರುಚಿ ಸಮತೋಲ ಕಾಯುವುದರ ಮೇಲೆ ಇತ್ತು. ಏಲಿರಾನ್ ಕೂಡ ಅದರೊಳಗೇ ಬರುತ್ತದೆ ಅಂತ ಅವರ ವಾದ. ಕೋರ್ಟುಗಳು ಹೆಚ್ಚಾಗಿ ಅವರ ಪರವೇ ನಿಂತವು. ಪೇಟೆಂಟನ್ನು ಅಷ್ಟು ಅಗಲವಾಗಿ ಓದಿದ್ದು ಅಮೆರಿಕದ ವಿಮಾನ ಉದ್ಯಮಕ್ಕೆ ಒಳ್ಳೆಯದು ಮಾಡಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. 1917ರಲ್ಲಿ ಯುದ್ಧಕ್ಕೆ ಇಳಿದಾಗ ಸರ್ಕಾರವೇ ಒತ್ತಡ ಹಾಕಿ ಪೇಟೆಂಟ್‌ಗಳನ್ನು ಎಲ್ಲರೂ ಹಂಚಿಕೊಳ್ಳುವ ಹಾಗೆ ಮಾಡಿತು.

ಆದರೆ ಕರ್ಟಿಸ್ ಪರ ನಿಲ್ಲಲಾಗದ ಒಂದು ವಿಷಯ ಇದೆ. ಸ್ಮಿತ್ಸೋನಿಯನ್ ಸಂಸ್ಥೆಯ ಲ್ಯಾಂಗ್ಲಿ ಕಟ್ಟಿದ ವಿಮಾನ 1903ರಲ್ಲಿ ಪೊಟೊಮ್ಯಾಕ್ ನದಿಗೆ ಬಿದ್ದಿತ್ತು. 1914ರಲ್ಲಿ ಅದನ್ನು ಹ್ಯಾಮಂಡ್ಸ್‌ಪೋರ್ಟ್‌ಗೆ ತಂದು, ಎಷ್ಟೋ ಕಡೆ ಬದಲಾಯಿಸಿ, ತೇಲುಗಾಲು ಕಟ್ಟಿ ಕ್ಯೂಕಾ ಮೇಲಿಂದ ಸ್ವಲ್ಪ ಹಾರಿಸಿದರು. 'ಹಾರಬಲ್ಲ ಮೊದಲ ವಿಮಾನ ಇದೇ' ಅಂತ ಸ್ಮಿತ್ಸೋನಿಯನ್ ಬೋರ್ಡು ಹಾಕಿತು. ಬದಲಾವಣೆಗಳನ್ನು ನೆಟ್ಟಗೆ ಹೇಳಲಿಲ್ಲ. ಆರ್ವಿಲ್ ಸಿಟ್ಟಾಗಿ 1928ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿಗೆ ಕಳಿಸಿಬಿಟ್ಟರು. ಸ್ಮಿತ್ಸೋನಿಯನ್ 1942ರಲ್ಲಿ ತಪ್ಪೊಪ್ಪಿಕೊಂಡಿತು, ವಿಮಾನ ಮರಳಿದ್ದು 1948ರಲ್ಲಿ. ಕರ್ಟಿಸ್ ಆ ಪರೀಕ್ಷೆಗೆ ಕೈ ಹಾಕಬಾರದಿತ್ತು. ಊರಿನ ಮೇಲೆ ನನಗಿರುವ ಪ್ರೀತಿಗೂ ಈ ಮಾತಿಗೂ ಸಂಬಂಧ ಇಲ್ಲ.

1929ರಲ್ಲಿ ಎರಡೂ ಕಂಪನಿಗಳು ಸೇರಿ ಕರ್ಟಿಸ್-ರೈಟ್ ಆದವು. ಹೆಸರಿನಲ್ಲಿ ಕರ್ಟಿಸ್ ಮೊದಲು.

ಹಳೇ ಫಿಟ್ಟರ್

ಇಲ್ಲಿಂದ ನಾನು ಹೇಳುತ್ತೇನೆ. ವಿಲಿಯಂ ಪಾಲಿ ಅನ್ನುವ ಅಮೆರಿಕನ್ ಚೀನಾದಲ್ಲಿ ಕರ್ಟಿಸ್-ರೈಟ್ ವಿಮಾನ ಮಾರುತ್ತಿದ್ದ. ವಾಲ್‌ಚಂದ್ ಹೀರಾಚಂದ್ ಅವನ ಜೊತೆ ಮಾತಾಡಿ, ಮೈಸೂರು ಸಂಸ್ಥಾನದ ನೆರವು ಪಡೆದು 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ಮೊದಲು ಹಾರ್ಲೋ ತರಬೇತಿ ವಿಮಾನ ಜೋಡಿಸಿದರು. 1942ರಲ್ಲಿ ಹೊರಬಂದದ್ದು ಕರ್ಟಿಸ್ ಹಾಕ್ ಯುದ್ಧವಿಮಾನ. ನನಗೆ ಕೆಲಸ ಕಲಿಸಿದ ಹಿರಿಯರು ಹಾಕ್ ಹೆಸರನ್ನು ಗೌರವದಿಂದ ಹೇಳುತ್ತಿದ್ದರು.

ಇನ್ನೊಂದು. ಯುದ್ಧದ ಕಾಲದಲ್ಲಿ ಕ್ಯಾಟಲಿನಾ ಹಾರುವ ದೋಣಿಗಳು ರಿಪೇರಿಗೆ ನಮ್ಮ ಕಾರ್ಖಾನೆಗೆ ಬರುತ್ತಿದ್ದವು. ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಗೆ. ಅವು ಕರ್ಟಿಸ್ ಕಂಪನಿಯವಲ್ಲ, ಕನ್ಸಾಲಿಡೇಟೆಡ್‌ನವು. ಆದರೆ ತಳದಲ್ಲಿ ನೀನು ಹೇಳಿದ ಮೆಟ್ಟಿಲು ಇರುತ್ತದೆ.

ನೀರಿನ ಲೆಕ್ಕ

ಬೆಳ್ಳಂದೂರಿನಲ್ಲಿ! ಆ ಕೆರೆಯ ನೊರೆ, ಬೆಂಕಿ ಎಲ್ಲ ನೋಡಿದವರಿಗೆ ಇದು ನಂಬಲಿಕ್ಕೇ ಕಷ್ಟ. ಕ್ಯೂಕಾ ನೀರು ಈಗ ಹೇಗಿದೆ? ದಂಡೆಯಲ್ಲಿ ಮನೆಗಳು ಜಾಸ್ತಿ ಆಗಿರಬೇಕಲ್ವಾ?

ಕ್ಯೂಕಾ ದಂಡೆ

ಆಗಿವೆ. ಬೇಸಿಗೆ ಮನೆಗಳು ದಂಡೆ ತುಂಬ. ಆದರೂ ನೀರು ತಿಳಿಯಾಗಿದೆ, ದಂಡೆಯ ಜನ ಅದೇ ನೀರು ಕುಡಿಯುತ್ತಾರೆ. ಸುತ್ತಲಿನ ಊರುಗಳು ಒಟ್ಟಾಗಿ ಮನೆಗಳ ಮಲದ ಗುಂಡಿಗಳನ್ನು ಪರೀಕ್ಷಿಸುವ ವ್ಯವಸ್ಥೆ ಮಾಡಿಕೊಂಡಿವೆ. ಇದನ್ನು ನಮ್ಮವರು ಗಮನಿಸಬೇಕು.

ಊರು ಮಾತ್ರ ಎರಡು ದೊಡ್ಡ ಪೆಟ್ಟು ತಿಂದಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಕರ್ಟಿಸ್ ಕಂಪನಿಯ ಮುಖ್ಯ ಕಾರ್ಖಾನೆ ಬಫಲೋಗೆ ಹೋಯಿತು. ಯುದ್ಧ ಮುಗಿದ ಮೇಲೆ ಹ್ಯಾಮಂಡ್ಸ್‌ಪೋರ್ಟ್ ಕಾರ್ಖಾನೆ ಮುಚ್ಚಿದರು. ಅದರ ಬೆನ್ನಿಗೇ 1920ರಲ್ಲಿ ಪಾನನಿಷೇಧ, 1933ರ ತನಕ. ಕೆಲವರು ಚರ್ಚಿಗೆ ಬೇಕಾದ ವೈನ್, ದ್ರಾಕ್ಷಿ ರಸ ಮಾಡಿ ಉಸಿರು ಹಿಡಿದರು, ಉಳಿದವರು ಬಾಗಿಲು ಹಾಕಿದರು. 1935ರ ಜುಲೈನಲ್ಲಿ ಪ್ರವಾಹ ಬೇರೆ. ಕರ್ಟಿಸ್ 1930ರಲ್ಲಿ ಬಫಲೋದಲ್ಲಿ ತೀರಿಕೊಂಡ, 52 ವಯಸ್ಸು. ಮಣ್ಣು ಮಾಡಿದ್ದು ಇದೇ ಪ್ಲೆಸೆಂಟ್ ವ್ಯಾಲಿಯಲ್ಲಿ.

ದ್ರಾಕ್ಷಿ ಚಪ್ಪರ

ಈಗ ಅಲ್ಲಿ ಬೆಳೆಯುವುದು ಇಸಬೆಲ್ಲಾನೇ?

ಕ್ಯೂಕಾ ದಂಡೆ

ಕಡಿಮೆ. ಇದಕ್ಕೆ ಕಾರಣ ಒಬ್ಬ ಹಠಮಾರಿ. ಕಾನ್‌ಸ್ಟಾಂಟಿನ್ ಫ್ರಾಂಕ್, ಉಕ್ರೇನಿನಿಂದ 1951ರಲ್ಲಿ ಬಂದರು, ಆಗ ಐವತ್ತು ದಾಟಿತ್ತು. ಯುರೋಪಿನ ತಳಿ ಈ ಚಳಿಗೆ ಬದುಕುವುದಿಲ್ಲ ಅಂತ ಎಲ್ಲರೂ ನಂಬಿದ್ದರು. ಇದಕ್ಕಿಂತ ಚಳಿಯ ನೆಲದಲ್ಲಿ ನಾನು ಬೆಳೆದಿದ್ದೇನೆ ಅಂತ ಅವರ ವಾದ. ಗೋಲ್ಡ್ ಸೀಲ್ ಕಂಪನಿಯ ಚಾರ್ಲ್ಸ್ ಫೂರ್ನಿಯೆ ಒಬ್ಬರು ನಂಬಿ ಕೆಲಸ ಕೊಟ್ಟರು. ಗಟ್ಟಿ ಬೇರಿನ ಗಿಡ ಹುಡುಕಿ ಅದರ ಮೇಲೆ ಕಸಿ ಕಟ್ಟಿದರು. 1962ರಲ್ಲಿ ಕ್ಯೂಕಾ ದಂಡೆಯಲ್ಲಿ ಸ್ವಂತ ತೋಟ, ವೈನ್ ಮನೆ ಮಾಡಿದರು. ಇವತ್ತು ಫಿಂಗರ್ ಲೇಕ್ಸ್ ಅಂದರೆ ರೀಸ್ಲಿಂಗ್ ಎಂಬ ಯುರೋಪಿನ ದ್ರಾಕ್ಷಿಯ ವೈನ್, ಅದು ಅವರ ದೆಸೆಯಿಂದ.

ದ್ರಾಕ್ಷಿ ಚಪ್ಪರ

ನಮ್ಮಲ್ಲಿ ಥಾಮ್ಸನ್ ಹಾಕುವವರು ಡಾಗ್‌ರಿಜ್ ಬೇರಿನ ಮೇಲೆ ಕಸಿ ಕಟ್ಟುತ್ತಾರೆ, ಅದೂ ಅಮೆರಿಕದ್ದೇ. ಉಪ್ಪುನೀರು, ಬರ ಎರಡನ್ನೂ ತಡೆಯುತ್ತದೆ. ಮೇಲಿನ ಹಣ್ಣು ಯಾವುದಾದರೂ ಇರಲಿ, ಕೆಳಗಿನ ಬೇರು ಗಟ್ಟಿ ಇರಬೇಕು. ಅಣ್ಣ, ನಾನು ಮಗನ ಹತ್ತಿರ ಬಂದಾಗ ಊರು ನೋಡಬೇಕು. ಯಾವಾಗ ಬರಲಿ?

ಕ್ಯೂಕಾ ದಂಡೆ

ಸೆಪ್ಟೆಂಬರ್ ಕೊನೆಯ ವಾರ ಅಥವಾ ಅಕ್ಟೋಬರ್ ಮೊದಲ ವಾರ, ಕೊಯ್ಲಿನ ಹೊತ್ತು. ಪಶ್ಚಿಮ ದಂಡೆಯ ರಸ್ತೆಯಲ್ಲೇ ಬನ್ನಿ, ಆ ಕಡೆ ತುಂಬಾ ತೋಟಗಳಿವೆ. ಊರ ಹೊರಗಿನ ಕರ್ಟಿಸ್ ಮ್ಯೂಸಿಯಂಗೆ ಅರ್ಧ ದಿನ ಇಡಿ. ಅಲ್ಲಿನ ವರ್ಕ್‌ಶಾಪಿಗೆ ಖಂಡಿತ ಹೋಗಿ. ನಿವೃತ್ತರೇ ಹೆಚ್ಚಾಗಿರುವ ಸ್ವಯಂಸೇವಕರು ಹಳೆಯ ವಿಮಾನಗಳ ಪ್ರತಿಗಳನ್ನು ಕೈಯಾರೆ ಕಟ್ಟುತ್ತಾರೆ. 'ಅಮೆರಿಕಾ' ಹಾರುವ ದೋಣಿಯನ್ನು ಹಾಗೇ ಕಟ್ಟಿ 2008ರಲ್ಲಿ ಕ್ಯೂಕಾ ಮೇಲೆ ಹಾರಿಸಿದರು.

ಫಿಟ್ಟರ್ ಸರ್, ನೀವೂ ಬನ್ನಿ. ಅವರ ಜೊತೆ ರಿವೆಟ್, ಪ್ಲೈವುಡ್ ಅಂತ ಮಾತಾಡಲು ಕೂತರೆ ನಿಮಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಹಳೇ ಫಿಟ್ಟರ್

ಮೊಮ್ಮಗಳು ಬಫಲೋದಲ್ಲೇ ಓದುತ್ತಿದ್ದಾಳೆ. ಅವಳಿಗೆ ಈಗಲೇ ಫೋನ್ ಮಾಡುತ್ತೇನೆ. ಜೂನ್ ಬಗ್ ಎಂಜಿನ್ ಗಾಳಿಯಿಂದ ತಣಿಯುವುದೋ ನೀರಿನಿಂದಲೋ?

ಕ್ಯೂಕಾ ದಂಡೆ

ಗಾಳಿಯಿಂದ ಸರ್. ಎಂಟು ಸಿಲಿಂಡರ್, ವಿ ಆಕಾರ. ಮೋಟಾರ್‌ಸೈಕಲ್ ಎಂಜಿನ್‌ನ ದಾಯಾದಿಯೇ ಅದು.